ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ

ನಮ್ಮ ಕಾಲೇಜಿನಲ್ಲಿ ಕಾರಿನ ಹುಚ್ಚು ಇರುವವರಿಗೆ ಬರವಿಲ್ಲ. ಊಟದ ವಿರಾಮದಲ್ಲಿ ಗಾಡಿ ನಿಲ್ಲಿಸುವ ಜಾಗದ ಹತ್ತಿರ ಹೋದರೆ ಸಾಕು, ಯಾವ ಕಾರು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗುತ್ತದೆ, ಯಾವುದರ ಪಿಕಪ್ ಜಾಸ್ತಿ ಎಂಬ ವಾದ ಕೇಳಿಸುತ್ತದೆ. ಜೋರಾಗಿ ಮಾತಾಡುವವರಲ್ಲಿ ನಾನೂ ಒಬ್ಬ. "ನೀನು ಕಾಮರ್ಸ್‌ನವನು, ಡೆಬಿಟ್ ಕ್ರೆಡಿಟ್ ನೋಡ್ಕೊ, ಇಂಜಿನ್ ವಿಷಯ ನಮಗೆ ಬಿಡು" ಎಂದು ಸೈನ್ಸ್ ಗೆಳೆಯರು ರೇಗಿಸುತ್ತಾರೆ. ನನಗೆ 17 ವರ್ಷ. ಲೈಸೆನ್ಸ್ ಇಲ್ಲ. ಇದುವರೆಗೆ ರಸ್ತೆಯಲ್ಲಿ ಕಾರು ಓಡಿಸಿಯೂ ಇಲ್ಲ. ಆದರೂ ನನಗೊಂದು ಅಭಿಪ್ರಾಯ ಇದೆ. ಒಂದು ಗಾಡಿಯ ಇಂಜಿನಿಯರಿಂಗ್ ಎಷ್ಟು ಒಳ್ಳೆಯದು ಎಂದು ತಿಳಿಯಬೇಕಾದರೆ, ಮೊದಲು ಅದು ಹೇಗೆ ನಿಲ್ಲುತ್ತದೆ ಎಂದು ಕೇಳಬೇಕು.

ನಾವೆಲ್ಲ ಬಾಯಿಪಾಠ ಮಾಡಿರುವ ಕಾರನ್ನೇ ತೆಗೆದುಕೊಳ್ಳೋಣ. 2005ರಲ್ಲಿ ಬಂದ ಬುಗಾಟಿ ವೇರಾನ್‌ಗೆ 1001 ಹಾರ್ಸ್‌ಪವರ್, ಗರಿಷ್ಠ ವೇಗ ಗಂಟೆಗೆ 407 ಕಿ.ಮೀ. ನಮ್ಮ ಹಳೆಯ ಮಾರುತಿ 800ಕ್ಕೆ ಸುಮಾರು 37 ಹಾರ್ಸ್‌ಪವರ್. ಅಂದರೆ ವೇರಾನ್‌ನ ಶಕ್ತಿ 27 ಪಟ್ಟು ಹೆಚ್ಚು. ಆದರೆ ವೇಗ ಹೆಚ್ಚಿದ್ದು ಮೂರು ಪಟ್ಟು ಚಿಲ್ಲರೆ ಮಾತ್ರ. ಕಾರಣ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಓದುವ ಇಳಿಮುಖ ಪ್ರತಿಫಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಇಂಜಿನ್ನಿನ ಬಿಸಿ ತಣಿಸಲು 10 ರೇಡಿಯೇಟರ್ ಇಟ್ಟಿದ್ದಾರೆ. ಅಷ್ಟು ವೇಗದ ಕಾರನ್ನು ನಿಲ್ಲಿಸಲು ಸೆರಾಮಿಕ್ ಬ್ರೇಕ್ ಡಿಸ್ಕ್ ಸಾಲದೆಂದು, ಬ್ರೇಕ್ ಒತ್ತಿದಾಗ ಹಿಂದಿನ ರೆಕ್ಕೆಯೂ ಎದ್ದು ನಿಂತು ಗಾಳಿಗೆ ಅಡ್ಡವಾಗುವಂತೆ ಮಾಡಿದ್ದಾರೆ. ನಾವು ಮೊದಲ ಅಂಕಿಯನ್ನು ಮಾತ್ರ ಹೇಳುತ್ತೇವೆ, ಉಳಿದದ್ದನ್ನು ಬಿಟ್ಟುಬಿಡುತ್ತೇವೆ.

ಈಗ ನಮ್ಮ ರಸ್ತೆಗೆ ಬರೋಣ. ಒಣ ರಸ್ತೆ, ಒಳ್ಳೆಯ ಟಯರ್, ಒಳ್ಳೆಯ ಬ್ರೇಕ್ ಇರುವ ಕಾರು 60ರ ವೇಗದಲ್ಲಿದ್ದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಸುಮಾರು 20 ಮೀಟರ್ ಬೇಕು. 120ರ ವೇಗದಲ್ಲಿ ಬೇಕಾದದ್ದು 40 ಮೀಟರ್ ಅಲ್ಲ, 80 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಇನ್ನೊಂದು 33 ಮೀಟರ್ ಮುಂದೆ ಹೋಗಿರುತ್ತದೆ. ಮಾವಿನ ಸೀಸನ್‌ನಲ್ಲಿ ಶ್ರೀನಿವಾಸಪುರದ ಕಡೆಯಿಂದ ರಾತ್ರಿ ಬರುವ ಟ್ರ್ಯಾಕ್ಟರ್‌ಗಳನ್ನು ನೆನೆಸಿಕೊಳ್ಳಿ. ಎಷ್ಟೋ ಟ್ರೈಲರ್‌ಗಳಿಗೆ ಹಿಂದೆ ಲೈಟ್ ಇರುವುದಿಲ್ಲ. ಮಾಲೂರಿನ ಕಡೆ ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನ ನಿಷೇಧಿಸಿರುವುದಕ್ಕೂ ಕಾರಣ ಇದೇ ಲೆಕ್ಕದಲ್ಲಿದೆ.

ಈ ಲೆಕ್ಕ ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ಮುಳಬಾಗಿಲಿನಲ್ಲಿ ನನ್ನ ಮಾಮು ಟೂ ವೀಲರ್ ಗ್ಯಾರೇಜ್ ಇಟ್ಟಿದ್ದಾರೆ. ರಜೆಯಲ್ಲಿ ನಾನು ಅಲ್ಲಿಗೆ ಹೋಗಿ ಸ್ಪ್ಯಾನರ್ ಕೊಡುವ ಕೆಲಸ ಮಾಡುತ್ತೇನೆ. ಕಳೆದ ವರ್ಷ ನನ್ನದೇ ವಯಸ್ಸಿನ ಹುಡುಗ ಬೈಕ್ ತಂದು, ಸೈಲೆನ್ಸರ್ ತೆಗೆದು ಸದ್ದು ಬರುವಂಥದ್ದು ಹಾಕಿ ಎಂದ. ಮಾಮು ಹಿಂದಿನ ಚಕ್ರ ತಿರುಗಿಸಿ ನೋಡಿದರು. ಬ್ರೇಕ್ ಲೈನರ್ ಪೂರ್ತಿ ಸವೆದಿತ್ತು, ಟಯರ್ ನುಣ್ಣಗಾಗಿತ್ತು. "ಬೇಟಾ, ಮೊದಲು ಇದನ್ನ ಹಾಕಿಸ್ಕೊ, ಸದ್ದು ಆಮೇಲೆ ನೋಡೋಣ" ಎಂದರು. ಅವನು ಒಪ್ಪಲಿಲ್ಲ. ನಾನು ಪಕ್ಕದಲ್ಲಿ ನಿಂತು, "ಆ ಸೈಲೆನ್ಸರ್ ಸೌಂಡ್ ಸಖತ್ತಾಗಿರುತ್ತೆ" ಎಂದೆ. ಅವನು ಬೇರೆ ಕಡೆ ಹಾಕಿಸಿಕೊಂಡ. ಎರಡು ವಾರದ ಮೇಲೆ ಅದೇ ಬೈಕ್ ಫೋರ್ಕ್ ಬಗ್ಗಿಹೋಗಿ ಟೆಂಪೋದಲ್ಲಿ ಬಂತು. ತಂದವನು ಅವನ ಅಣ್ಣ. ಹುಡುಗನ ಕಾಲು ಮುರಿದು ಆ ವರ್ಷದ ಪರೀಕ್ಷೆ ತಪ್ಪಿತು. ಮಾಮು ನನಗೆ ಏನೂ ಹೇಳಲಿಲ್ಲ. ಸೈಲೆನ್ಸರ್‌ಗೆ ಅವನು ಕೊಟ್ಟದ್ದು ಕೆಲವು ಸಾವಿರ, ಲೈನರ್‌ಗೆ ಬೇಕಿದ್ದದ್ದು ಕೆಲವು ನೂರು. ಆ ದಿನ ನಾನು ಆಡಿದ ಮಾತು ಇನ್ನೂ ನನ್ನ ತಲೆಯಲ್ಲಿದೆ.

ಸದ್ದು ಮಾಡಿದರೆ ಇಂಜಿನಿಯರಿಂಗ್ ಆಗುವುದಿಲ್ಲ. ನಿಜವಾದ ಇಂಜಿನಿಯರಿಂಗ್ ನಮ್ಮ ಹೆದ್ದಾರಿಯ ಪಕ್ಕದಲ್ಲೇ ಇದೆ. ಕೋಲಾರದಿಂದ ಬೆಂಗಳೂರಿನ ಬಸ್ ಹತ್ತಿದರೆ ಮೊದಲು ನರಸಾಪುರ ಸಿಗುತ್ತದೆ. ಅಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಇದೆ. 1965ರಲ್ಲಿ ಮೆಕ್ಸಿಕೊದಲ್ಲಿ ಫಾರ್ಮುಲಾ ಒನ್ ರೇಸ್ ಗೆದ್ದ ಹೋಂಡಾ ಇದೇ. ಅದರ ಸ್ಕೂಟರ್‌ನಲ್ಲಿ ಎಡಗೈಯ ಬ್ರೇಕ್ ಒಂದನ್ನೇ ಹಿಡಿದರೂ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಇಂಥ ಕಾಂಬಿ ಬ್ರೇಕ್ ಅಥವಾ ಎಬಿಎಸ್ 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಕಡ್ಡಾಯ. ಮುಂದೆ ಹೊಸಕೋಟೆಯಲ್ಲಿ ವೋಲ್ವೊ ಇದೆ. 1959ರಲ್ಲಿ ವೋಲ್ವೊದ ಇಂಜಿನಿಯರ್ ನಿಲ್ಸ್ ಬೋಲಿನ್ ಇಂದಿನ ಮೂರು ಬಿಂದುವಿನ ಸೀಟ್ ಬೆಲ್ಟ್ ಮಾಡಿದರು. ಕಂಪನಿ ಅದರ ಪೇಟೆಂಟನ್ನು ಬೇರೆ ಕಾರು ಕಂಪನಿಗಳಿಗೂ ಬಳಸಲು ಬಿಟ್ಟಿತು. ಲಾಭ ನಷ್ಟದ ಪಾಠ ಓದುವ ನನಗೆ ಆ ಒಂದು ತೀರ್ಮಾನ ಸಾವಿರ ಹಾರ್ಸ್‌ಪವರ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ 18 ತುಂಬದ ಹಲವರು ಗೇರ್ ಬೈಕ್‌ನಲ್ಲಿ ಬರುತ್ತಾರೆ, ಇದು ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿಯ ಪ್ರಕಾರ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು. ಅಬ್ಬು ಕಷ್ಟಪಟ್ಟು ದುಡಿದ ಹಣ ಹೀಗೆ ಹೋಗಬೇಕೆ?

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ಒಂದು ವಿನಂತಿ. ವರ್ಷದಲ್ಲಿ ಒಂದು ಮಧ್ಯಾಹ್ನ ಒಬ್ಬ ಮೆಕ್ಯಾನಿಕ್‌ರನ್ನು ಕಾಲೇಜಿಗೆ ಕರೆಸಿ. ಸಿಬ್ಬಂದಿಯ ಗಾಡಿ, ಲೈಸೆನ್ಸ್ ಇರುವ ವಿದ್ಯಾರ್ಥಿಗಳ ಗಾಡಿ ಎಲ್ಲದರ ಬ್ರೇಕ್, ಟಯರ್, ಲೈಟ್ ನೋಡಿಸಿ. ಸೈನ್ಸ್‌ನವರು ನಿಲ್ಲುವ ದೂರ ಅಳೆಯಲಿ, ಕಾಮರ್ಸ್‌ನವರು ಖರ್ಚಿನ ಲೆಕ್ಕ ಬರೆಯುತ್ತೇವೆ. ಮಾಮುವನ್ನು ಒಪ್ಪಿಸುವ ಜವಾಬ್ದಾರಿ ನನ್ನದು.

ವೇಗದ ಕಾರುಗಳ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ನಾಳೆಯೂ ಅದೇ ಜಾಗದಲ್ಲಿ ವಾದಕ್ಕೆ ಸಿಗುತ್ತೇನೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂದು ನೀವು ಹೇಳಿ. ನೂರರಿಂದ ಸೊನ್ನೆಗೆ ಎಷ್ಟು ಮೀಟರ್ ಎಂದು ನಾನು ಕೇಳುತ್ತೇನೆ.