ಬೂದಿ ದಿಬ್ಬ ಬರೀ ಬೂದಿಯಲ್ಲ

ದೀಪಾವಳಿ ಸೂಟಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಹಂಪಿಗೆ ಹೋಗುವ ಮಾತು ಏಳುತ್ತದೆ. ಪಂಢರಪುರದ ವಿಠ್ಠಲನಿಗೆ ನಡೆದುಕೊಳ್ಳುವ ಮನೆತನಗಳಿಗೆ ಹಂಪಿಯ ವಿಜಯವಿಠ್ಠಲನೂ ಬೇರೆಯವನಲ್ಲ. ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ಎಲ್ಲರೂ ಗಾಡಿ ಹತ್ತುತ್ತಾರೆ. ಅಲ್ಲಿಂದ ದೂರವಿಲ್ಲದ ನಿಂಬಾಪುರದ ಬೂದಿ ದಿಬ್ಬದತ್ತ ಹೊರಳಿ ನೋಡುವವರು ಕಡಿಮೆ.

ಅಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರೆ ತಪ್ಪಲ್ಲ. ಗೋಪುರವಿಲ್ಲ, ಶಾಸನವಿಲ್ಲ. ಮಳೆಗಾಳಿಗೆ ಸವೆದ ಬೂದು ಬಣ್ಣದ ಒಂದು ಗುಡ್ಡೆ, ಅಷ್ಟೇ. ಅಲ್ಲಲ್ಲಿ ಕುಲುಮೆಯ ಕಿಟ್ಟದಂಥ ಗಟ್ಟಿ ತುಣುಕುಗಳು. ವಾಲಿಯನ್ನು ಸುಟ್ಟ ಬೂದಿ ಇದು ಎಂದು ಊರವರು ಹೇಳುತ್ತಾರೆ. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿಯ ದಿಬ್ಬಕ್ಕೆ ಭೀಮ ಕೊಂದ ಹಿಡಿಂಬಾಸುರನ ಕಥೆ ಅಂಟಿಕೊಂಡಿದೆ. ಓದಿದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಜ್ವಾಲಾಮುಖಿ ಎಂದವರಿದ್ದರು, ಸಾಮೂಹಿಕ ಸತಿಯ ಚಿತೆ ಎಂದವರೂ ಇದ್ದರು.

ನಿಜ ಸಂಗತಿ ಇವೆಲ್ಲಕ್ಕಿಂತ ಸರಳ, ಇವೆಲ್ಲಕ್ಕಿಂತ ದೊಡ್ಡದು. ಅದು ದನದ ಸೆಗಣಿ. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಮಾತು ಹೇಳಿದ್ದರು. 1960ರಲ್ಲಿ ಜ್ಯೂನರ್ ಎಂಬ ವಿದ್ವಾಂಸರ ಪರೀಕ್ಷೆ ಅದನ್ನು ಗಟ್ಟಿ ಮಾಡಿತು. ಸುಮಾರು 4,500 ವರ್ಷಗಳ ಹಿಂದೆ ಇಲ್ಲಿ ದನಗಾರರು ದೊಡ್ಡಿ ಕಟ್ಟಿ, ಸೆಗಣಿ ಒಟ್ಟಿ, ಮತ್ತೆ ಮತ್ತೆ ಸುಟ್ಟರು. ತಲೆಮಾರುಗಳ ಕಾಲ ಹೀಗೆ ನಡೆದು ಬೂದಿ ದಿಬ್ಬವಾಗಿ ಬೆಳೆಯಿತು. ಕೆಲವು ಕಡೆ ಬೆಂಕಿಯ ಕಾವಿಗೆ ಬೂದಿ ಕರಗಿ ಗಾಜಿನಂತಾಯಿತು. 1336ರಲ್ಲಿ ವಿಜಯನಗರ ಹುಟ್ಟುವ ಹೊತ್ತಿಗೇ ಈ ದಿಬ್ಬಗಳಿಗೆ 3,000 ವರ್ಷ ದಾಟಿತ್ತು.

ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಅವಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಕರ್ನಾಟಕದಲ್ಲಿ ಕುಡತಿನಿ, ಕುಪ್ಪಗಲ್ಲು. ಆಂಧ್ರದಲ್ಲಿ ಕಲ್ಯಾಣದುರ್ಗ ಕಡೆಯ ಪಾಲವಾಯಿ. ತೆಲಂಗಾಣದಲ್ಲಿ ಹಿಂದಿನ ಮೆಹಬೂಬನಗರ ಜಿಲ್ಲೆಯ ಉತ್ನೂರು. ಉತ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಉತ್ಖನನ ನಡೆಸಿದಾಗ ದೊಡ್ಡಿಯ ಬೇಲಿಗೆ ಕಂಬ ನೆಟ್ಟ ಕುಳಿಗಳ ಸಾಲು ಸಿಕ್ಕಿತು. ಜೊತೆಗೆ ದನದ ಗೊರಸಿನ ಗುರುತುಗಳೂ ಸಿಕ್ಕವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆದು ನೋಡಿದರು. ದಿಬ್ಬದ ಮಗ್ಗುಲಲ್ಲೇ ಜನ ಮನೆ ಕಟ್ಟಿಕೊಂಡು ಬಾಳಿದ ಕುರುಹು ಅಲ್ಲಿ ದೊರೆಯಿತು. ಆ ಕಾಲದ ಜನ ಹುರುಳಿ, ಹೆಸರು, ಕಿರುಧಾನ್ಯ ಬೆಳೆದು ಉಣ್ಣುತ್ತಿದ್ದರು. ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿ ಇಂದಿಗೂ ಇರುವ ಕಾಳುಗಳೇ ಅವು.

ಗಡಿ ಭಾಗದವರಿಗೆ ಇದು ತೀರಾ ದೂರದ ಸಂಗತಿಯೂ ಅಲ್ಲ. ದೀಪಾವಳಿ ಪಾಡ್ಯದ ದಿನ ಈ ಭಾಗದ ಅಂಗಳಗಳಲ್ಲಿ ಸೆಗಣಿಯ ಪಾಂಡವರನ್ನು ಮಾಡಿ ಪೂಜಿಸುವ ರೂಢಿ ಇದೆ. ಕನ್ನಡ ಮನೆಯಲ್ಲೂ ಮಾಡುತ್ತಾರೆ, ಮರಾಠಿ ಮನೆಯಲ್ಲೂ ಮಾಡುತ್ತಾರೆ. ಅತ್ತ ದಿಬ್ಬದ ಬೂದಿಯಲ್ಲಿ ಭೀಮನ ಕಥೆ, ಇತ್ತ ಅಂಗಳದ ಸೆಗಣಿಯಲ್ಲಿ ಭೀಮನ ಮೂರ್ತಿ. ಎರಡಕ್ಕೂ ನಂಟಿದೆ ಎಂದು ಯಾರೂ ಸಾಧಿಸಿಲ್ಲ. ಆದರೂ ಸೆಗಣಿಗೆ ಕೈಮುಗಿಯುವ ಮನೆಯವರಿಗೆ ದನಗಾರರ ಈ ದಿಬ್ಬದ ಬೆಲೆ ಬೇರೆಯವರು ತಿಳಿಸಿಕೊಡಬೇಕಾಗಿಲ್ಲ.

ದುಃಖದ ಮಾತೆಂದರೆ ದಿಬ್ಬಗಳು ಕರಗುತ್ತಿವೆ. ಮಳೆ ಕೊರೆದದ್ದು ಸ್ವಲ್ಪ, ಮನುಷ್ಯ ಹೊತ್ತದ್ದು ಬಹಳ. ಬೂದಿ ಒಳ್ಳೆಯ ಗೊಬ್ಬರವೆಂದು ಹೊಲಕ್ಕೆ ಹೋಗಿದೆ. ನೆಲ ಸಮ ಮಾಡುವಾಗಲೂ ದಿಬ್ಬಗಳು ಕರಗಿವೆ. ರೈತರನ್ನು ಬೈದು ಪ್ರಯೋಜನವಿಲ್ಲ. 'ಬೂದಿ ಐತಿ, ಹೊಲಕ್ಕ ಹಾಕೀವಿ, ಅದರಾಗ ತಪ್ಪೇನೈತ್ರಿ?' ಎಂದು ಅವರು ಕೇಳಿದರೆ, ಮೊದಲೇ ಬಂದು ತಿಳಿಸದವರ ಬಳಿ ಉತ್ತರವಿಲ್ಲ. ಕುಡತಿನಿಯಲ್ಲಿ ಈಗ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅಲ್ಲಿ ಸುಡುವ ಕಲ್ಲಿದ್ದಲಿನ ಬೂದಿಗೆ ಟನ್ ಲೆಕ್ಕ ಇಡಲಾಗುತ್ತದೆ. ಸಾವಿರಾರು ವರ್ಷದ ಬೂದಿ ಎಷ್ಟು ಗಾಡಿ ಹೋಯಿತೆಂದು ಬರೆದಿಟ್ಟವರು ಯಾರು? ಪದರು ಪದರಾಗಿ ಕೂತ ಈ ಬೂದಿಯೇ ಆ ಜನರ ದಾಖಲೆ. ಅಕ್ಷರ ಬರುವ ಮುಂಚಿನ ಅವರಿಗೆ ಬೇರೆ ದಫ್ತರವಿಲ್ಲ. ಒಮ್ಮೆ ಕೆದರಿದರೆ ಗೊರಸಿನ ಗುರುತನ್ನು ಮತ್ತೆ ಮೂಡಿಸಲು ಯಾವ ಇಲಾಖೆಗೂ ಆಗದು.

ಮಾಡಬೇಕಾದದ್ದು ಭಾರಿ ಖರ್ಚಿನದೇನಲ್ಲ. ಮೂರೂ ರಾಜ್ಯಗಳ ಪುರಾತತ್ವ ಇಲಾಖೆಗಳು ಕೂಡಿ ಉಳಿದ ದಿಬ್ಬಗಳ ಒಂದೇ ಯಾದಿ ಮಾಡಬೇಕು. ಸಂರಕ್ಷಿತವೆಂದು ಸಾರಿದ ಸ್ಥಳಕ್ಕಷ್ಟೇ 1958ರ ಕೇಂದ್ರ ಕಾಯ್ದೆಯ ಕಾವಲು ಸಿಗುತ್ತದೆ. ಆದ್ದರಿಂದ ಹಾಗೆ ಸಾರುವ ಕೆಲಸ ತಡವಾಗಬಾರದು. ಪ್ರತಿ ದಿಬ್ಬದ ಬಳಿ ಊರವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಫಲಕ ಇರಲಿ. ಕಾಯುವ ಹೊಣೆಯಲ್ಲಿ ಗ್ರಾಮ ಪಂಚಾಯಿತಿಗೂ ಪಾಲಿರಲಿ.

ಗಡಿಯಾಚೆಯ ಕನ್ನಡ ಶಾಲೆಗಳ ಗುರುಗಳು ಮುಂದಿನ ಹಂಪಿ ಪ್ರವಾಸದಲ್ಲಿ ನಿಂಬಾಪುರಕ್ಕೆ ಒಂದು ತಾಸು ತೆಗೆದಿಡಲಿ. ಮಕ್ಕಳು ದಿಬ್ಬವನ್ನು ಹತ್ತಿ ತುಳಿಯದೆ ಸುತ್ತಿ ನೋಡಲಿ. ಚೂರನ್ನು ಜೇಬಿಗೆ ಹಾಕಿಕೊಳ್ಳದೆ ಬರಲಿ. ರಾಜರು ಕಟ್ಟಿದ್ದನ್ನು ನೋಡಲು ಅಷ್ಟು ದೂರ ಹೋಗುವವರು, ದನಗಾರರು ಕೂಡಿಟ್ಟದ್ದನ್ನೂ ನೋಡಿಕೊಂಡು ಮನೆಗೆ ಮರಳಲಿ.