ಎರಡು ತೂತಿನ ಪಟ್ಟಿ

ಮಕ್ಕಳೇ, ಏಳನೇ ಇಯತ್ತೆ ಓದುವ ನನ್ನ ಮೊಮ್ಮಗಳ ಸೈಕಲ್ ಕ್ಯಾರಿಯರಿನ ಪಟ್ಟಿ ಹೋದ ತಿಂಗಳು ಮುರಿಯಿತು. ಹಾವೇರಿ ಪೇಟೆಯಿಂದ 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ತಂದೆ. ಎರಡು ತೂತು ಕೊರೆದು ಬೋಲ್ಟ್ ಹಾಕಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದುಕೊಂಡೆ.

ಪೆನ್ಸಿಲ್‌ನಿಂದ ಎರಡು ಚುಕ್ಕೆ ಇಟ್ಟೆ. ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಡ್ರಿಲ್ ಒತ್ತಿದೆ. ಮೊದಲ ತೂತು ಜಾರಿ 2 ಮಿ.ಮೀ. ಆಚೆ ಬಿತ್ತು. ಎರಡನೆಯದು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಡ್ರಿಲ್ ಪಟ್ಟಿಯನ್ನೇ ಕಚ್ಚಿಕೊಂಡು ಗರ್ರನೆ ತಿರುಗಿಸಿತು. ನನ್ನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು.

ಮೊಮ್ಮಗಳು ಕಟ್ಟು ನೋಡಿ, "ಅಜ್ಜಾ, ನಮಗ ಎಲ್ಲಾ ಸಾವಕಾಶ ಮಾಡ್ರಿ ಅಂತಿ. ನೀ ಯಾಕ ಗಡಿಬಿಡಿ ಮಾಡಿದಿ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ತಪ್ಪಾತು ತಂಗೀ. ಈ ಸಲ ಗುರುತು ನೀ ಹಾಕು, ನಾ ಕೊರೀತೀನಿ" ಎಂದೆ.

ಹೊಲಿಗೆ ಬಿಚ್ಚಿದ ಮೇಲೆ ಇಬ್ಬರೂ ಕೂತೆವು. ಕ್ಯಾರಿಯರಿನಲ್ಲಿರುವ ಎರಡು ತೂತುಗಳ ನಡುವಿನ ಅಂತರ ಬೇಕಿತ್ತು. ಅವಳು ಸ್ಕೇಲ್ ಹಿಡಿದು, "ತೂತಿನ ನಡುವ ಏನೂ ಇಲ್ಲಲ್ಲ ಅಜ್ಜಾ, ಎಲ್ಲಿಂದ ಅಳೀಲಿ?" ಎಂದಳು. ಒಳ್ಳೆಯ ಪ್ರಶ್ನೆ. ತೂತುಗಳೆರಡೂ ಒಂದೇ ಅಳತೆಯವಾಗಿದ್ದರೆ, ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ. ನಡುವಿನಿಂದ ನಡುವಿಗೆ ಇರುವ ಅಂತರವೂ ಅಷ್ಟೇ. ನಮಗೆ 60 ಮಿ.ಮೀ. ಬಂತು. ಪಟ್ಟಿಯ ಮೇಲೆ ಚೂಪಾದ ಮೊಳೆಯಿಂದ ಅಡ್ಡ, ಉದ್ದ ಗೆರೆ ಎಳೆದಳು. ಗೆರೆಗಳು ಕೂಡುವಲ್ಲಿ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಸಣ್ಣ ಗುಳಿ ಬಿತ್ತು.

ಈ ಗುಳಿ ಯಾಕೆ ಬೇಕು? ಡ್ರಿಲ್‌ಗೆ ಹಾಕುವ ಸುರುಳಿ ಕಡ್ಡಿಗೆ ಬಿಟ್ ಎನ್ನುತ್ತಾರೆ. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದರ ಸುರುಳಿ ತೋಡು ಕಬ್ಬಿಣದ ಚೂರನ್ನು ಮೇಲಕ್ಕೆ ತರುತ್ತದೆ. ಆದರೆ ಬಿಟ್‌ನ ತುದಿಯ ನಟ್ಟನಡುವೆ ಇರುವ ಅಂಚು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಒತ್ತುತ್ತದೆ, ಅಷ್ಟೆ. ನುಣುಪಾದ ಕಬ್ಬಿಣದ ಮೇಲೆ ಅದು ಅಲೆದಾಡುತ್ತದೆ. ಗುಳಿ ಇದ್ದರೆ ಅಲ್ಲಿಯೇ ಕೂರುತ್ತದೆ.

ಇನ್ನು ಪಟ್ಟಿಯ ಕೆಳಗೆ ಮರದ ತುಂಡು ಇಟ್ಟು, ಎರಡನ್ನೂ ಮೇಜಿಗೆ ಕ್ಲ್ಯಾಂಪಿನಿಂದ ಬಿಗಿದೆವು. ನನ್ನ ವಯಸ್ಸಿನವರೇ, ಇದನ್ನು ಮಾತ್ರ ಬಿಡಬೇಡಿ. ಬಿಟ್ ಆಚೆ ಬದಿಗೆ ಹೊರಬರುವಾಗ ಉಳಿದ ತೆಳು ಅಂಚಿನಲ್ಲಿ ತಿರುಪಿನಂತೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಹಿಡಿದ ಪಟ್ಟಿ ಆಗ ಕತ್ತಿಯಾಗುತ್ತದೆ. ಆ ಹೊತ್ತಿಗೆ ಒತ್ತಡ ಕಡಿಮೆ ಮಾಡಬೇಕು. ಕಣ್ಣಿಗೆ ಕನ್ನಡಕ ಇರಲಿ. ಕೈಗವಸು, ಹೆಗಲ ಮೇಲಿನ ಟವೆಲ್, ಇಳಿಬಿದ್ದ ಜಡೆ ಹತ್ತಿರ ಬರಬಾರದು, ಬಿಟ್ ಸುತ್ತಿಕೊಂಡುಬಿಡುತ್ತದೆ.

6 ಮಿ.ಮೀ. ಬೋಲ್ಟ್ ಸಲೀಸಾಗಿ ಹೋಗಲು 6.5 ಮಿ.ಮೀ. ತೂತು ಬೇಕು. ಆದರೆ ಮೊದಲು 3 ಮಿ.ಮೀ. ಬಿಟ್‌ನಿಂದ ದಾರಿ ಮಾಡಿಕೊಂಡೆ. ಸಣ್ಣ ಬಿಟ್‌ಗೆ ವೇಗ ಹೆಚ್ಚು, ನಿಮಿಷಕ್ಕೆ ಸುಮಾರು 2500 ಸುತ್ತು. ದೊಡ್ಡದಕ್ಕೆ ಅದರ ಅರ್ಧ ಸಾಕು, ಏಕೆಂದರೆ ಒಂದೊಂದು ಸುತ್ತಿಗೂ ಅದರ ಅಂಚು ಹೆಚ್ಚು ದೂರ ಓಡುತ್ತದೆ. ಓಡಿದಷ್ಟೂ ಕಾಯುತ್ತದೆ, ಕಾದರೆ ಮೊಂಡಾಗುತ್ತದೆ. ಅದಕ್ಕೇ ನಡುನಡುವೆ ಒಂದೆರಡು ಹನಿ ಎಣ್ಣೆ ಬಿಟ್ಟೆ. ಚೂರು ಎರಡೂ ಬದಿಯಿಂದ ಸಮನಾಗಿ ಸುರುಳಿ ಸುರುಳಿಯಾಗಿ ಬಂತು. ಒಂದೇ ಬದಿಯಿಂದ ಬಂದಿದ್ದರೆ ಬಿಟ್ ಸರಿಯಾಗಿ ಸಾಣೆಯಾಗಿಲ್ಲ, ತೂತು ಹಿಗ್ಗುತ್ತದೆ ಎಂದು ತಿಳಿಯಬೇಕು. ಕೊನೆಗೆ ದಪ್ಪ ಬಿಟ್ ಒಂದನ್ನು ಬೆರಳಲ್ಲೇ ತಿರುವಿ ತೂತಿನ ಬಾಯಿಯ ಚೂಪು ತೆಗೆದೆ. ಚೂರುಗಳನ್ನು ಊದಲಿಲ್ಲ, ಕೈಯಿಂದ ಒರೆಸಲಿಲ್ಲ, ಬ್ರಷ್‌ನಿಂದ ಗುಡಿಸಿದೆವು.

"ಇಷ್ಟ ತೂತಿಗೆ ಇಷ್ಟೆಲ್ಲಾ ಬೇಕಾ?" ಎಂದಳು. ನಮ್ಮ ಸೀಮೆಯ ಕೂರಿಗೆಯನ್ನು ನೆನಪು ಮಾಡಿಕೊಟ್ಟೆ. ಬಿತ್ತುವಾಗ ಹೆಣ್ಣುಮಕ್ಕಳು ಬಟ್ಟಲಿಗೆ ಬೀಜ ಬಿಡುತ್ತಾರೆ. ಅದು ತಳದ ತೂತುಗಳಲ್ಲಿ ಇಳಿದು ಸಾಲು ಸಾಲಾಗಿ ನೆಲ ಸೇರುತ್ತದೆ. ಒಂದು ತೂತು ಹಿಗ್ಗಿದ್ದರೆ ಆ ಸಾಲಿನಲ್ಲಿ ಪೈರು ದಟ್ಟ, ಪಕ್ಕದ ಸಾಲು ತೆಳ್ಳಗೆ. ಬಡಿಗೇರ ಬೈರಿಗೆ ಹಿಡಿದು ಮಾಡಿದ ತಪ್ಪು ಹೊಲದ ತುಂಬಾ ಕಾಣುತ್ತದೆ.

ಬೋಲ್ಟುಗಳೆರಡೂ ಬೆರಳಿನ ಒತ್ತಿಗೇ ಇಳಿದವು. ಇಷ್ಟು ದಿನ ಬೆನ್ನ ಮೇಲಿದ್ದ ಪಾಟಿಚೀಲ ಮರುದಿನ ಕ್ಯಾರಿಯರ್ ಏರಿತು.

ಈ ವಾರದ ಕೆಲಸ: ಮನೆಯ ಬಾಗಿಲ ಚಿಲಕದ ಎರಡು ತೂತುಗಳ ಅಂತರವನ್ನು ಎಡ ಅಂಚಿನಿಂದ ಎಡ ಅಂಚಿಗೆ ಅಳೆದು ಬರೆದಿಡಿ. ಆಮೇಲೆ ಬಲ ಅಂಚಿನಿಂದ ಬಲ ಅಂಚಿಗೆ ಅಳೆಯಿರಿ. ಎರಡೂ ಒಂದೇ ಬಂದರೆ ನೀವು ಗುರುತು ಹಾಕಲು ತಯಾರು. ಕೊರೆಯುವುದನ್ನು ಮಾತ್ರ ದೊಡ್ಡವರಿಗೆ ಬಿಡಿ. ಪಟ್ಟಿಯನ್ನು ಅವರು ಬಿಗಿದಿದ್ದಾರೋ ಇಲ್ಲವೋ ನೋಡುವ ಕೆಲಸ ನಿಮ್ಮದು.