ಗಿರಾಕಿಯ ಪರದೆಗೆ ಒಗ್ಗುವ ಜಾಲತಾಣ

ಶಿವಾಜಿನಗರದ ವರ್ತಕರಿಗೆ ಇಕ್ಕಟ್ಟು ಹೊಸದಲ್ಲ. ಮಳಿಗೆ ಕಿರಿದಾದರೆ ಪಕ್ಕಪಕ್ಕದಲ್ಲಿ ಇಡಬೇಕಾದ ಸರಕನ್ನು ಒಂದರ ಮೇಲೊಂದು ಜೋಡಿಸಿ, ಬೇಡಿಕೆಯ ಮಾಲನ್ನು ಮುಂದಿಡುತ್ತಾರೆ. ಜಾಲತಾಣ ಮಾಡಿಸುವಾಗಲೂ ಇದೇ ವಿವೇಕ ಅಗತ್ಯ.

ಇಂದಿರಾನಗರದ ಕಚೇರಿಯೊಂದರ ದೊಡ್ಡ ಪರದೆಯಲ್ಲಿ ಅಂದವಾಗಿ ಕಂಡ ಪುಟವು ಕೃಷ್ಣರಾಜಪುರದ ಕಾರ್ಖಾನೆಯಲ್ಲಿ ನಿಂತ ಖರೀದಿದಾರನ ಮೊಬೈಲ್‌ನಲ್ಲಿ ಅಡ್ಡಡ್ಡಲಾಗಿ ಸರಿಸಿ ಓದುವಂತಾದರೆ, ಆತ ಮತ್ತೊಬ್ಬ ಸರಬರಾಜುದಾರನನ್ನು ಹುಡುಕುವುದು ಸಹಜ. ನಷ್ಟ ಜಾಲತಾಣದ್ದಲ್ಲ, ವ್ಯಾಪಾರದ್ದು.

ಇದಕ್ಕೆ ಪರಿಹಾರವನ್ನು ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಹೆಸರಿನಿಂದ ನಿರೂಪಿಸಿದರು. ಅದರ ಅಂಗಗಳು ಮೂರು: ಶೇಕಡಾವಾರು ಅಗಲದ ಅಂಕಣಗಳು, ಅಂಕಣಕ್ಕೆ ತಕ್ಕಂತೆ ಕುಗ್ಗುವ ಚಿತ್ರಗಳು, ಪರದೆಯ ಅಗಲವನ್ನರಿತು ಜೋಡಣೆ ಬದಲಿಸುವ ನಿಯಮಗಳು.

ಲೆಕ್ಕ ಸರಳವಾದುದು. 960 ಪಿಕ್ಸೆಲ್ ಅಗಲದ ಪುಟದಲ್ಲಿ 300 ಪಿಕ್ಸೆಲ್‌ನ ಅಂಕಣವೆಂದರೆ ಶೇ. 31.25. ಪರದೆ ಕಿರಿದಾದಂತೆ ಅಂಕಣವೂ ಕಿರಿದಾಗುತ್ತದೆ. ಆದರೆ 360 ಪಿಕ್ಸೆಲ್‌ನ ಮೊಬೈಲ್‌ನಲ್ಲಿ ಅದೇ ಅಂಕಣಕ್ಕೆ ಉಳಿಯುವುದು 112.5 ಪಿಕ್ಸೆಲ್ ಮಾತ್ರ. ಕನ್ನಡದ ದೀರ್ಘ ಸಮಾಸಪದಗಳು ಅಲ್ಲಿ ಹಿಡಿಸವು. ಆದುದರಿಂದಲೇ ಶೇಕಡಾವಾರು ಅಳತೆಯೊಂದೇ ಸಾಲದು. ಅಂಕಣಗಳು ಒಂದರ ಕೆಳಗೊಂದು ಬರುವಂತೆ ಮೂರನೆಯ ನಿಯಮವೂ ಇರಬೇಕು. ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದ ಚೌಕಗಳಲ್ಲಿ ಕನ್ನಡದ ಒತ್ತಕ್ಷರಗಳು ಕತ್ತರಿಸಿಹೋಗುವ ಸಂಭವವೂ ಉಂಟು.

ಮೊಬೈಲ್‌ಗೆಂದೇ ಮತ್ತೊಂದು ತಾಣ ಮಾಡಿಸುವುದು ಸಣ್ಣ ಉದ್ಯಮಿಗೆ ಇಮ್ಮಡಿ ಹೊರೆ. ದರ ಬದಲಾದಾಗ ಎರಡು ಕಡೆ ತಿದ್ದಬೇಕು. ಒಂದು ಕಡೆ ಮರೆತರೆ ಗಿರಾಕಿಯೊಡನೆ ತಕರಾರು. ದರಪಟ್ಟಿಯನ್ನು ಛಾಯಾಚಿತ್ರವಾಗಿ ಏರಿಸುವ ರೂಢಿಯೂ ಸಲ್ಲದು. ಚಿತ್ರ ಕುಗ್ಗಿದರೆ ಅದರೊಳಗಿನ ಅಂಕಿಗಳೂ ಕುಗ್ಗುತ್ತವೆ. ಗೂಗಲ್ ಸಂಸ್ಥೆಯು 2015ರ ಏಪ್ರಿಲ್‌ನಲ್ಲಿಯೇ ಮೊಬೈಲ್ ಶೋಧದ ಶ್ರೇಯಾಂಕಕ್ಕೆ ಪುಟದ ಮೊಬೈಲ್ ಯೋಗ್ಯತೆಯನ್ನು ಪರಿಗಣಿಸತೊಡಗಿತೆಂಬುದನ್ನು ಮರೆಯಲಾಗದು.

ಮಾಲು ಪಡೆಯುವಾಗ ತೂಕ, ಅಳತೆ ನೋಡದೆ ಹಣ ಕೊಡುವ ವರ್ತಕನಿಲ್ಲ. ಜಾಲತಾಣಕ್ಕೂ ಆ ಕಟ್ಟುನಿಟ್ಟು ಅನ್ವಯವಾಗಲಿ. ಎಲ್ಲ ಅಳತೆಯ ಪರದೆಗಳಿಗೂ ಪುಟ ಒಗ್ಗಬೇಕೆಂಬ ಷರತ್ತನ್ನು ಕಾರ್ಯಾದೇಶದಲ್ಲಿಯೇ ಬರೆಸಿ, ಕೊನೆಯ ಕಂತು ಪಾವತಿಸುವ ಮುನ್ನ ಅಗ್ಗದ ಮೊಬೈಲೊಂದರಲ್ಲಿ ದರಪಟ್ಟಿ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಓದಿ ನೋಡುವುದು ಒಳಿತು.